ನಕ್ಷೆ ಗೋಡೆಯಿಂದ ಇಳಿಯಲಿ

ಅಭ್ಯಾಸ ಬೋಧನೆಯಲ್ಲಿ ನಕ್ಷೆಯ ಪಾಠವೆಂದರೆ ಗೋಡೆಯ ಮೇಲೊಂದು ಭೂಪಟ, ಕೈಯಲ್ಲೊಂದು ಕೋಲು. ಕಂಪ್ಲಿಯ ಮಗು ಭೂಪಟದಲ್ಲಿ ತುಂಗಭದ್ರೆಯನ್ನು ಥಟ್ಟನೆ ತೋರಿಸುತ್ತದೆ; ಇಲ್ಲಿಂದ ನದಿ ಯಾವ ದಿಕ್ಕಿಗೆ ಎಂದರೆ ತಡವರಿಸುತ್ತದೆ. ಅದಕ್ಕೇ ನಾನು ಓರಿಯೆಂಟಿಯರಿಂಗ್ ಬೇಕೆನ್ನುತ್ತೇನೆ.

ಸ್ವೀಡನ್ನಿನ ಸೈನಿಕ ತರಬೇತಿಯಲ್ಲಿ ಹುಟ್ಟಿದ ಈ ಕ್ರೀಡೆಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಗೊತ್ತುಪಡಿಸಿದ ಸ್ಥಳಗಳನ್ನು ಹುಡುಕುತ್ತ ಓಡಬೇಕು. 1:10,000 ಪ್ರಮಾಣವಾದರೆ 1 ಸೆಂ.ಮೀ.ಗೆ 100 ಮೀಟರ್. ಹಂಪಿಯ ಹೇಮಕೂಟದಿಂದ ಮಾತಂಗ ಬೆಟ್ಟಕ್ಕೆ ಹೊರಟರೆ, ನೇರ ಗೆರೆಯ ದೂರಕ್ಕೂ ಬಂಡೆ ಸುತ್ತಿ ಹೋಗುವ ದೂರಕ್ಕೂ ಇರುವ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. (ಸ್ಮಾರಕಗಳಿಗೆ ಬಾವುಟ ಕಟ್ಟುವುದು ಬೇಡ, "ಇಲ್ಲಿ ಎಷ್ಟು ಕಂಬ?" ಎಂಬ ಪ್ರಶ್ನೆ ಸಾಕು.)

ತಂಡದ ಓಟ ನನಗೆ ಇನ್ನೂ ಮೆಚ್ಚು. 1976ರಲ್ಲಿ ಆಸ್ಟ್ರೇಲಿಯದಲ್ಲಿ ರೂಪುಗೊಂಡ ರೊಗೇನಿಂಗ್‌ನಲ್ಲಿ ತಂಡ ಚದುರುವಂತಿಲ್ಲ. ಚುರುಕಾದವರು ಒಬ್ಬರೇ ಮುಂದೋಡಿ ಅಂಕ ತರಲಾರರು, ಹಿಂದುಳಿದವರಿಗಾಗಿ ಕಾಯಲೇಬೇಕು. ನಮ್ಮ ತರಗತಿಗಳಲ್ಲಿ ಇದು ಅಪರೂಪ.

ಗದ್ದಲವಾದರೆ ವೀಕ್ಷಕರು ಅಂಕ ಕಳೆಯುತ್ತಾರೆಂಬ ಅಳುಕು ಪ್ರಶಿಕ್ಷಣಾರ್ಥಿಗಳಿಗಿದೆ. ಅದು ಸುಳ್ಳಲ್ಲ. ಹಾಗಾಗಿ ವೀಕ್ಷಣಾ ನಮೂನೆಯೇ ಬದಲಾಗಲಿ: 'ತರಗತಿ ನಿಯಂತ್ರಣ'ದ ಪಕ್ಕದಲ್ಲಿ 'ಮಗು ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿ ಹಿಡಿಯಿತೇ?' ಎಂಬ ಕಲಂ ಬರಲಿ. ಹೊಸಪೇಟೆಯಾಗಲಿ ಸಂಡೂರಾಗಲಿ, ಮೊದಲ ಪಾಠಕ್ಕೆ ಶಾಲೆಯ ಅಂಗಳವೇ ಸಾಕು.