ಇವೂ ಕೆಟ್ಟ ಮಾತುಗಳೇ



ಹಿರಿಯರನ್ನು ಏಕವಚನದಲ್ಲಿ ಕರೆದರೆ ನಮ್ಮ ಮನೆಗಳಲ್ಲಿ ಮಗುವಿನ ಕಿವಿ ಹಿಂಡುತ್ತಾರೆ. ದೀಪ ಹಚ್ಚುವ ಹೊತ್ತಿನಲ್ಲಿ ‘ಶನಿ’, ‘ದರಿದ್ರ’ ಎಂದರೂ ಗದರುತ್ತಾರೆ. ಆದರೆ ಇನ್ನೊಬ್ಬರ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡರೆ, ‘ಕುಂಟ’, ‘ಕುರುಡ’ ಎಂದು ಹಂಗಿಸಿದರೆ, ಸಿಟ್ಟಿನಲ್ಲಿ ‘ಮುಂಡೇದೆ’ ಎಂದರೆ ತಡೆಯುವವರು ಕಡಿಮೆ. ಕೊನೆಯದನ್ನು ಎಷ್ಟೋ ಅಜ್ಜಿಯರು ಮುದ್ದಿಗೂ ಬಳಸುತ್ತಾರೆ. ಗಂಡ ಸತ್ತ ಹೆಂಗಸನ್ನು ಹೀಯಾಳಿಸುವ ಮಾತದು ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ.

2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಅವರು ಫೇಸ್‌ಬುಕ್ ನೇರಪ್ರಸಾರದಲ್ಲಿ ಊರು–ಹೊಲಗೇರಿಯ ಗಾದೆ ಬಳಸಿದಾಗ, ನಮಗೆ ದೂರವಲ್ಲದ ಚೆನ್ನಮ್ಮನಕೆರೆ ಅಚ್ಚುಕಟ್ಟು ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಅವರು ಕ್ಷಮೆ ಕೇಳಿ ವಿಡಿಯೊ ತೆಗೆದರು. ಹೈಕೋರ್ಟ್ ತಡೆಯನ್ನೂ ನೀಡಿತು. ಪ್ರಕರಣ ಹಾಗಿರಲಿ, ಆ ಗಾದೆ ಅವರೊಬ್ಬರದಲ್ಲ. ಜಗುಲಿಯಲ್ಲಿ, ಅಡುಗೆಮನೆಯಲ್ಲಿ ಅದನ್ನು ಕೇಳುತ್ತಲೇ ಬೆಳೆದವರು ನಾವು. ಒಂದು ಕೇರಿಯ ಜನರನ್ನೇ ಊರಿನ ಕೊಳಕೆಂದು ತೋರಿಸುವ ಮಾತು ನಮಗೆ ಬರೀ ಗಾದೆಯಾಗಿ ಕೇಳಿಸಿದ್ದು ನನಗೆ ತುಂಬ ನೋವಿನ ಸಂಗತಿ.

ಪರಿಶಿಷ್ಟರನ್ನು ಸಾರ್ವಜನಿಕವಾಗಿ ಜಾತಿ ಹೆಸರೆತ್ತಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷೆಯಿದೆ. ಅಂಗವಿಕಲರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದರೆ 2016ರ ಕಾಯ್ದೆಯಿದೆ. ಊಟದ ಹೊತ್ತಿನ ಮಾತಿಗೆ ಪೊಲೀಸರು ಬರುವುದಿಲ್ಲ. ಅಲ್ಲಿ ತಿದ್ದಬೇಕಾದವರು ಮನೆಯ ಹಿರಿಯರೇ. ಹೊಡೆಯುವುದು ಬೇಡ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಮಾತು ಯಾರನ್ನು ನೋಯಿಸುತ್ತದೆ, ಯಾಕೆ ನೋಯಿಸುತ್ತದೆ ಎಂದು ಬಿಡಿಸಿ ಹೇಳಲಿ. ಅದಕ್ಕೆ ಮೊದಲು ದೊಡ್ಡವರು ಅಂಥ ಮಾತಾಡುವುದನ್ನು ನಿಲ್ಲಿಸಲಿ.

– ಒಬ್ಬ ಓದುಗ, ಸುಬ್ರಹ್ಮಣ್ಯಪುರ, ಬೆಂಗಳೂರು