ಸುಂಕದ ಕಟ್ಟೆಯೂ ನಮ್ಮ ಕಡಲೆಕಾಯಿಯೂ

ಪಾವಗಡದ ಕಡೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಬ್ರಿಟನ್ ದೇಶವು ಯೂರೋಪಿನ ಒಕ್ಕೂಟವನ್ನು ಬಿಟ್ಟು ಕೆಟ್ಟಿತೋ ಬಾಳಿತೋ ಎಂಬ ವಿಚಾರವಾಗಿ ಅವರ ಯಜಮಾನರಿಗೂ ಮೈದುನನಿಗೂ ಪ್ರತಿರಾತ್ರಿಯೂ ವಾಗ್ವಾದ ನಡೆದು, ಬಡಿಸಿದ ಮುದ್ದೆಯು ಆರಿಹೋಗುತ್ತಿದೆಯಂತೆ. "ಆ ದೇಶಕ್ಕೂ ನಮಗೂ ಹೊಸ ಒಪ್ಪಂದವಾಗಿದೆಯೆಂದು ಮೈದುನನು ಹೇಳುತ್ತಾನೆ. ಅದರಿಂದ ನಮ್ಮ ಕಡಲೆಕಾಯಿಗೆ ಬೆಲೆ ಬರುವುದೆ? ಬರುವುದಾದರೆ ಈ ಸಲದ ಕಾಯನ್ನು ಮಾರದೆ ಇಟ್ಟುಕೊಳ್ಳಬಹುದೆ?" ಎಂದು ಕೇಳಿರುವರು. ಮೊದಲನೆಯದು ಮಾತಿನ ಮಲ್ಲಯುದ್ಧ. ಎರಡನೆಯದಾದರೋ ಒಂದು ಸಂಸಾರದ ವರ್ಷದ ಗಂಜಿ. ಆದಕಾರಣ ಎರಡಕ್ಕೂ ಉತ್ತರ ಕೊಡುವುದು ಉಚಿತವೆಂದು ತೋರಿತು.

ಬ್ರಿಟನ್ನು ಯೂರೋಪಿನ ಆ ಕೂಟವನ್ನು ಸೇರಿದ್ದು 1973ನೆಯ ಜನವರಿ 1ರಂದು. ಸೇರಿದ ಮೇಲೆ ಕೂಟದ ಸುಂಕವೇ ಅದರ ಸುಂಕವಾಯಿತು; ಕಾಮನ್‌ವೆಲ್ತ್ ದೇಶಗಳಿಗೆ ಅದು ತೋರುತ್ತಿದ್ದ ರಿಯಾಯಿತಿಗಳು ಕ್ರಮೇಣ ಕೊನೆಗೊಂಡವು. 2016ನೆಯ ಜೂನ್ 23ರಂದು ನಡೆದ ಮತದಾನದಲ್ಲಿ ಮತವಿತ್ತವರ ಪೈಕಿ ನೂರಕ್ಕೆ 52 ಮಂದಿ ಹೊರಗೆ ಬರೋಣವೆಂದರು. 2020ನೆಯ ಜನವರಿ 31ರಂದು ಹೊರಗೆ ಬಂದೂ ಆಯಿತು. ಪಾಲಾದ ಮೇಲೂ ಅಣ್ಣತಮ್ಮಂದಿರು ಸುಂಕವಿಲ್ಲದೆ ಕೊಡುಕೊಳ್ಳುವ ಕರಾರನ್ನೇ ಮಾಡಿಕೊಂಡರು. ಹಾಗಾದರೆ ಕೆಟ್ಟದ್ದೇನು ಎಂದು ಯಜಮಾನರು ಕೇಳುವುದು ಸಹಜ.

ಪಾವಗಡದವರಿಗೆ ಇದನ್ನು ತಿಳಿಯಹೇಳುವುದು ಬಹು ಸುಲಭ. ಆ ತಾಲ್ಲೂಕನ್ನು ಮೂರು ಕಡೆ ಆಂಧ್ರದೇಶವು ಬಳಸಿಕೊಂಡಿದೆ. ನಮ್ಮ ಮಧುಗಿರಿಯಿಂದ ಅಲ್ಲಿಗೆ ಹೊರಟವನು ನಡುವೆ ಪರರಾಜ್ಯದ ನೆಲವನ್ನು ತುಳಿದೇ ಹೋಗಬೇಕು. ರಾಜ್ಯರಾಜ್ಯಕ್ಕೂ ಬೇರೆ ಮಾರಾಟ ತೆರಿಗೆ ಇದ್ದ ಕಾಲದಲ್ಲಿ ಗಡಿಯ ತನಿಖಾಠಾಣೆಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಾವು ಕಣ್ಣಾರೆ ಕಂಡವರು. ಕೊಡಬೇಕಾದ ತೆರಿಗೆ ಅಲ್ಪವಿದ್ದರೂ, ಇಲ್ಲವೇ ಇಲ್ಲದಿದ್ದರೂ, ಕಾಗದ ತೋರಿಸದೆ ಕಂಬ ಏಳುತ್ತಿರಲಿಲ್ಲ. 2017ನೆಯ ಜುಲೈ 1ರಂದು ಜಿ.ಎಸ್.ಟಿ. ಬಂದಿತು, ತೆರಿಗೆಯ ಆ ಠಾಣೆಗಳು ಎದ್ದುಹೋದವು. ನಾವು ಕಿತ್ತುಹಾಕಿದ ಕಂಬವನ್ನು ಬ್ರಿಟನ್ನು 2021ನೆಯ ಜನವರಿ 1ರಿಂದ ತನ್ನ ಬಾಗಿಲಿನಲ್ಲಿಯೇ ನೆಟ್ಟುಕೊಂಡಿತು. ಸರಕು ಎಲ್ಲಿಯದು, ಅದರ ಬಿಡಿಭಾಗಗಳು ಯಾವ ದೇಶದವು, ಮಾಂಸವಾದರೆ ಪಶುವೈದ್ಯರ ಪತ್ರವೆಲ್ಲಿ? ಸುಂಕವಿಲ್ಲದಿದ್ದರೂ ಈ ಪತ್ರಗಳೆಲ್ಲ ಬೇಕು. ದೊಡ್ಡ ಕಾರ್ಖಾನೆಯವನು ಅದಕ್ಕೆ ಗುಮಾಸ್ತರನ್ನು ಇಟ್ಟಾನು. ಕಡಲತಡಿಯಲ್ಲಿ ಚಿಪ್ಪುಮೀನು ಹಿಡಿಯುವವನು ಏನು ಮಾಡಬೇಕು?

ಇದೇನೂ ನವೀನವಾದ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅಚ್ಚು ಹಾಕಿಸಿದರಷ್ಟೆ. ಅದರಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ವಿಚಾರವಾಗಿ ಒಂದು ಅಧ್ಯಾಯವೇ ಇದೆ. ಊರಬಾಗಿಲ ಬಳಿ ಧ್ವಜ ನೆಟ್ಟ ಶುಲ್ಕಶಾಲೆ. ಬಂದ ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು, ಮೊದಲ ಮುದ್ರೆ ಬಿದ್ದದ್ದು ಎಲ್ಲಿ ಎಂದು ಬರೆದುಕೊಳ್ಳಲು ನಾಲ್ಕೈದು ಮಂದಿ! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಮೈದುನನ ಪಕ್ಷದಲ್ಲಿಯೂ ಸತ್ಯಾಂಶವುಂಟು. ಸಂಡರ್ಲೆಂಡಿನ ಮೋಟಾರು ಕಾರ್ಖಾನೆ ಮುಚ್ಚಿಹೋಗಲಿಲ್ಲ. ಬ್ರಿಟನ್ನು ತನಗೆ ಬೇಕಾದವರೊಡನೆ ತಾನೇ ಕರಾರು ಮಾಡಿಕೊಳ್ಳಬಲ್ಲದು. 2024ರ ಡಿಸೆಂಬರಿನಲ್ಲಿ ಶಾಂತಸಾಗರದ ಸುತ್ತಲ ದೇಶಗಳ ಕೂಟವನ್ನು ಸೇರಿತು. 2025ನೆಯ ಜುಲೈ 24ರಂದು ನಮ್ಮೊಡನೆ ಒಪ್ಪಂದಕ್ಕೆ ರುಜು ಹಾಕಿತು. ಆದರೆ ಅಲ್ಲಿಯ ಸರಕಾರದ ಆಯವ್ಯಯವನ್ನು ಪರಿಶೀಲಿಸುವ ಸ್ವತಂತ್ರ ಕಚೇರಿಯವರು, ಒಕ್ಕೂಟದಲ್ಲಿಯೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕಶಕ್ತಿ ಕಾಲಾಂತರದಲ್ಲಿ ನೂರಕ್ಕೆ 4ರಷ್ಟು ಕುಂದುವುದೆಂದು ಅಂದಾಜು ಮಾಡಿರುವರು. ದೂರದ ಗೆಳೆಯರು ಎಷ್ಟಿದ್ದರೂ ಪಕ್ಕದ ಮನೆಯ ವ್ಯಾಪಾರಕ್ಕೆ ಸಾಟಿಯಾಗಲಾರದೆಂದು ನಮ್ಮ ಮತ. ಕೆಟ್ಟಿತೆನ್ನುವುದಕ್ಕಿಂತ ಸೊರಗಿತೆನ್ನುವುದು ಯುಕ್ತ.

ಇನ್ನು ಕಡಲೆಕಾಯಿ. ಆ ಒಪ್ಪಂದದಂತೆ ನಮ್ಮ ಸಿದ್ಧ ಉಡುಪುಗಳಿಗೆ ಬ್ರಿಟನ್ನಿನಲ್ಲಿ ಸುಂಕವಿಲ್ಲ. ಹೊಲಿಗೆಯ ಕಾರ್ಖಾನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಅದರಿಂದ ಕೆಲಸ ಹೆಚ್ಚಿದರೆ ಸಂತೋಷವೆ. ಕಡಲೆಕಾಯಿಯ ಮಾತು ಬೇರೆ. ಹಸಿಯ ಕಡಲೆಬೀಜಕ್ಕೆ ಬ್ರಿಟನ್ನಿನಲ್ಲಾಗಲಿ ಯೂರೋಪಿನಲ್ಲಾಗಲಿ ಒಪ್ಪಂದಕ್ಕೆ ಮೊದಲೂ ಸುಂಕವಿರಲಿಲ್ಲ! ಇಲ್ಲದ ಸುಂಕವನ್ನು ತೆಗೆದರೆ ಬೆಲೆ ಎಲ್ಲಿಂದ ಬಂದೀತು?

ಅಡ್ಡಗಟ್ಟಿರುವುದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿಕೋಳಿಗಳು ಸತ್ತುಬಿದ್ದವು. ಶೋಧಿಸಿ ನೋಡಲಾಗಿ, ಬ್ರೆಜಿಲ್ ದೇಶದಿಂದ ತರಿಸಿ ತಿನ್ನಿಸಿದ ಕಡಲೆಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವಿದ್ದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು; ಬಹುಕಾಲ ಹೊಟ್ಟೆ ಸೇರಿದರೆ ಮನುಷ್ಯರ ಯಕೃತ್ತಿಗೂ ಅರ್ಬುದ ತರುವಂಥದು. ನೇರವಾಗಿ ತಿನ್ನುವ ಬೀಜದಲ್ಲಿ ಒಂದು ಟನ್ನಿಗೆ 4 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬುದು ಯೂರೋಪಿನ ಕಟ್ಟಳೆ. ಮನೆ ಬಿಟ್ಟು ಬಂದ ಬ್ರಿಟನ್ನು ಈ ಕಟ್ಟಳೆಯನ್ನು ಮಾತ್ರ ಸಂಗಡವೇ ತಂದುಕೊಂಡಿದೆ.

ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಬೂಷ್ಟು ಮಣ್ಣಿನಲ್ಲಿಯೇ ಹತ್ತುತ್ತದೆ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆಗಳ ಮಳೆಯಾಶ್ರಯದ ಹೊಲದವರಿಗೆ ಅದು ಎಂದು ಕೈಕೊಡುವುದೆಂದು ಹೇಳಿಕೊಡಬೇಕಾದುದಿಲ್ಲ. ಕಿತ್ತ ಮೇಲೆ ತೇವದಲ್ಲಿ ಒಟ್ಟಿದರೆ ಮತ್ತಷ್ಟು ಹತ್ತುತ್ತದೆ. ಮೊದಲನೆಯದು ದೈವಾಧೀನ; ಎರಡನೆಯದನ್ನು ನಾವೇ ಮಾಡಿ ಕೆಟ್ಟಿರುವೆವು. ಬೆಲೆ ಏರುವುದೆಂದು ಯಾರೋ ಹೇಳಿದ ಮಾತಿಗೆ ಒಂದು ವರ್ಷ ನಾಲ್ಕು ಮೂಟೆ ಕಾಯನ್ನು ಹಿತ್ತಿಲ ಕೋಣೆಯಲ್ಲಿ ಇಟ್ಟೆವು. ಗೋಡೆ ನೆನೆಯುತ್ತಿದೆಯೆಂದು ಮನೆಯವರು ಎರಡು ಸಲ ಎಚ್ಚರಿಸಿದರು. ನಾವು ಪುಸ್ತಕದಿಂದ ತಲೆ ಎತ್ತಲಿಲ್ಲ. ಬಿಚ್ಚಿ ನೋಡಿದಾಗ ಹಳದಿ ಹಸಿರು ಪುಡಿ. ಹಸುವಿಗಾದರೂ ಹಾಕೋಣವೆಂದೆವು; ಆ ವಿಷವು ಹಾಲಿನಲ್ಲಿಯೂ ಇಳಿಯುವುದೆಂದು ಪಶುವೈದ್ಯರು ತಡೆದರು. ನಾಲ್ಕು ಮೂಟೆಯನ್ನೂ ಸುಟ್ಟೆವು.

ಆದುದರಿಂದ ಸೋದರಿಯವರು ಲಂಡನ್ನಿನ ಸುದ್ದಿಯನ್ನು ನಂಬಿ ಕಾಯನ್ನು ಹಿಡಿದಿಡಬಾರದು. ಬಿತ್ತನೆಗೂ ಮನೆ ಖರ್ಚಿಗೂ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಮಾರಲಿ. ಇಟ್ಟುದರಲ್ಲಿ ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ಎಸೆಯತಕ್ಕದ್ದು. ಹುರಿದರೆ ವಿಷ ಪೂರ್ತಿ ಹೋಗುವುದೆಂಬ ನಂಬಿಕೆ ಸುಳ್ಳು. ಮೂಟೆಗಳ ಕೆಳಗೆ ಹಲಗೆ ಇರಲಿ, ಗೋಡೆಗೆ ತಾಗದಿರಲಿ. ಕಟ್ಟುವ ಮೊದಲು ಮೈದುನನು ಒಂದೊಂದು ರಾಶಿಯಿಂದಲೂ ನಾಲ್ಕು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ ನೋಡಲಿ. ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡದಿದ್ದರೆ ಇನ್ನೆರಡು ದಿನ ಬಿಸಿಲು ಬೇಕು.