ಬೆಸುಗೆಯ ಚಿತ್ರವೂ ಓದಲಾಗದ ಹಲಗೆಯೂ

ಎರಡು ಉಕ್ಕಿನ ಕೊಳವೆಗಳನ್ನು ಬೆಸೆದ ಮೇಲೆ ಒಳಗೆ ಬಿರುಕೋ ಗಾಳಿಗುಳ್ಳೆಯೋ ಉಳಿದಿದೆಯೇ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಕೊಳವೆಯಲ್ಲಿ ಹರಿಯತಕ್ಕದ್ದು ಒತ್ತಡದ ಹಬೆಯಾದರೆ ಆ ದೋಷ ಪ್ರಾಣಾಂತಿಕವಾದೀತು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿರುವಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳನ್ನು ಕಟ್ಟುವಾಗ ಬೆಸುಗೆಯ ಚಿತ್ರ ತೆಗೆದು ಪರೀಕ್ಷಿಸುವುದು ಇದಕ್ಕಾಗಿಯೇ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯಿಂದ ಇಂತಹ ಕಟ್ಟಡ ಕೆಲಸಗಳಿಗೆ ಕೂಲಿಗೆ ಹೋಗುವವರಿದ್ದಾರೆ. ಈ ಲೇಖನ ಅವರನ್ನು ಕುರಿತದ್ದು.

ಕ್ಷ-ಕಿರಣ ಯಂತ್ರವನ್ನು ಒಯ್ಯಲಾಗದ ಎಡೆಗಳಲ್ಲಿ ಇರಿಡಿಯಂ-192 ಎಂಬ ವಿಕಿರಣ ವಸ್ತುವನ್ನು ಬಳಸುತ್ತಾರೆ. ಜೋಳದ ಕಾಳಿನಷ್ಟಿರುವ ಈ ಚೂರು ಗಿಡ್ಡನೆಯ ಉಕ್ಕಿನ ಕೊಂಡಿಯ ತುದಿಯಲ್ಲಿ, ಭಾರಲೋಹದ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಉದ್ದನೆಯ ತಂತಿಯಿಂದ ಅದನ್ನು ನಳಿಗೆಯ ಮೂಲಕ ಬೆಸುಗೆಯ ಬಳಿಗೆ ದೂಡಿ, ಫಿಲ್ಮಿನ ಮೇಲೆ ನೆರಳು ಮೂಡಿದ ಬಳಿಕ ಹಿಂದಕ್ಕೆಳೆದುಕೊಳ್ಳಬೇಕು. 50 ಕ್ಯೂರಿ ಬಲದ ಚೂರಿನಿಂದ ಒಂದು ಮೀಟರ್ ದೂರದಲ್ಲಿ ಮರೆಯಿಲ್ಲದೆ ನಿಂತವನಿಗೆ ಸುಮಾರು ಐದೇ ನಿಮಿಷಗಳಲ್ಲಿ 20 ಮಿಲಿಸೀವರ್ಟ್ ತಗಲುತ್ತದೆ; ವಿಕಿರಣದ ಕೆಲಸಗಾರನಿಗೆ ವರ್ಷಕ್ಕೆ ಸರಾಸರಿ ಸಲ್ಲುವುದು ಅಷ್ಟೇ. ಹತ್ತು ಮೀಟರ್ ಸರಿದು ನಿಂತರೆ ಅದರ ನೂರರಲ್ಲೊಂದು ಪಾಲು.

ತಂತಿ ಹಿಂದಕ್ಕೆ ಬಂದರೂ ಚೂರು ಬಾರದೆ ಉಳಿದಾಗ ಕೇಡು ಮೊದಲಾಗುತ್ತದೆ. 1984ರಲ್ಲಿ ಮೊರಾಕ್ಕೋದ ಮೊಹಮ್ಮದಿಯಾದಲ್ಲಿ ಹೀಗೆ ಕಳಚಿ ಬಿದ್ದುದನ್ನು ಒಬ್ಬನು ಮನೆಗೊಯ್ದನು. ಎಂಟು ಮಂದಿ ಸತ್ತರು. 1999ರಲ್ಲಿ ಪೆರುವಿನ ಯನಾಂಗೊ ಜಲವಿದ್ಯುತ್ ಕೇಂದ್ರದಲ್ಲಿ ಬೆಸುಗೆಗಾರನೊಬ್ಬನು ಅದನ್ನು ಷರಾಯಿಯ ಹಿಂಜೇಬಿನಲ್ಲಿಟ್ಟುಕೊಂಡು ಕಾಲನ್ನೇ ಕಳೆದುಕೊಂಡನು. ಇವರಾರೂ ಚಿತ್ರ ತೆಗೆಯುವವರಲ್ಲ, ಸುತ್ತಮುತ್ತ ಇದ್ದವರು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಗೆ ಬೇರೊಂದು ಬಗೆಯ ಉಪಕರಣದ ಕೋಬಾಲ್ಟ್-60 ಬಂದು ಒಬ್ಬನು ಸತ್ತಾಗಲೂ ನರಳಿದವರು ಆ ವಸ್ತುವಿನ ಹೆಸರನ್ನೇ ಕೇಳದವರು.

ನಿಯಮಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿಯೇ ಸ್ಥಾಪಿತವಾಯಿತು. ಪರವಾನಗಿ, ತರಬೇತಿ, ಎದೆಯ ಮೇಲಿನ ಬಿಲ್ಲೆ, ಹಗ್ಗದ ಆವರಣ, ಅಳೆಯುವ ಮೀಟರು ಎಲ್ಲವೂ ವಿಧಿಸಲ್ಪಟ್ಟಿವೆ. ಆದರೆ ಬಿಲ್ಲೆಯ ಮೇಲೆ ಜನರಿಟ್ಟಿರುವ ಭರವಸೆ ನನಗೆ ಅತಿಯಾಗಿ ತೋರುತ್ತದೆ. ತಗಲಿದ ವಿಕಿರಣವನ್ನು ಅದು ಪ್ರಯೋಗಾಲಯಕ್ಕೆ ಹೋದ ಮೇಲಷ್ಟೆ ತಿಳಿಸುತ್ತದೆ. ಬಿಲ್ಲೆಯಿಲ್ಲದ ಕೂಲಿಯವನಿಗೆ ಅಷ್ಟೂ ಇಲ್ಲ. ಆ ಕ್ಷಣದಲ್ಲಿಯೇ ಎಚ್ಚರಿಸಬಲ್ಲದ್ದು ಮೀಟರು. ಪ್ರತಿಯೊಂದು ಚಿತ್ರದ ನಂತರವೂ ಅದನ್ನು ಕೈಯಲ್ಲಿ ಹಿಡಿದೇ ಪೆಟ್ಟಿಗೆಯ ಬಳಿಗೆ ಹೋಗತಕ್ಕದ್ದು. ರಾತ್ರಿಯ ಪಾಳಿಯಲ್ಲಿ ಇಪ್ಪತ್ತನೆಯ ಬೆಸುಗೆಯ ಹೊತ್ತಿಗೆ ಇದು ಬೇಸರವೆನಿಸುವುದು ಸಹಜ. ಬೆಸುಗೆಗಳ ಎಣಿಕೆಯ ಮೇಲೆ ಹಣ ಕೊಟ್ಟರಂತೂ ಬಿಟ್ಟೇ ಹೋದೀತು. ಆದುದರಿಂದ ಈ ಕೆಲಸಕ್ಕೆ ಎಣಿಕೆಯ ಕೂಲಿಯನ್ನು ನಿಷೇಧಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನು ಎಚ್ಚರಿಕೆಯ ಹಲಗೆ. ಮಸ್ಕಿಯ ಬಂಡೆಯ ಮೇಲಣ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಅದಕ್ಕೆ ಮುನ್ನ ಬ್ರಾಹ್ಮೀ ಲಿಪಿಯನ್ನರಿಯದ ಜನ ಎಷ್ಟು ತಲೆಮಾರು ಅದರ ಪಕ್ಕದಲ್ಲಿಯೇ ದನ ಕಾಯ್ದಿದ್ದರೋ! ಚಕ್ರವರ್ತಿಯ ಮಾತೂ ಅವರಿಗೆ ಬಂಡೆಯ ಗೀರಾಗಿತ್ತು. ಇಂಗ್ಲಿಷಿನಲ್ಲಿ ಮಾತ್ರ ಬರೆದ ಹಲಗೆ ಇಂದಿನ ಕೂಲಿಯವನಿಗೆ ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ಮೂರೆಸಳಿನ ಚಿಹ್ನೆಯ ಕೆಳಗೆ ಕನ್ನಡದಲ್ಲಿ, ಹೊರರಾಜ್ಯದವರಿದ್ದರೆ ಅವರ ಭಾಷೆಯಲ್ಲಿಯೂ, “ಹೊಳೆಯುವ ಲೋಹದ ಕೊಂಡಿ ಕಂಡರೆ ಮುಟ್ಟಬೇಡಿ, ದೂರ ಸರಿದು ತಿಳಿಸಿ” ಎಂದು ದಪ್ಪಕ್ಷರದಲ್ಲಿ ಬರೆಯಿಸಬೇಕು. ಅಕ್ಷರ ಬಾರದವರಿಗೆ ಕೆಲಸಕ್ಕೆ ಮುನ್ನ ಬಾಯಲ್ಲಿಯೇ ಹೇಳಬೇಕು. ಸಿಂಧನೂರು, ಲಿಂಗಸುಗೂರುಗಳ ಗುಜರಿ ಅಂಗಡಿಗಳ ಗೋಡೆಗೂ ಅದರದೊಂದು ಪ್ರತಿ ತಲುಪಬೇಕು.